ಕೆಲಸ ಹೋದ ಮೇಲೆ ವಾರಕ್ಕೆಷ್ಟು?

ಬೆಂಗಳೂರಿನ ಫ್ಯಾಕ್ಟರಿ, ಗಾರ್ಮೆಂಟ್ಸ್, ಆಫೀಸು ಬಿಟ್ಟು ಬ್ಯಾಗು ಹೊತ್ತು ಊರಿಗೆ ಬಂದಿರುವ ನಮ್ಮ ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಕಡೆಯ ಮಕ್ಕಳಿಗೆ ಈ ನಾಲ್ಕು ಮಾತು. ಆಯುಷ್ಯವಿಡೀ ಬೇರೆಯವರ ಲೆಕ್ಕ ಬರೆದವನು ನಾನು. ಕೆಲಸ ಕೊಡಿಸುವ ತಾಕತ್ತು ನನಗಿಲ್ಲ, ಕೂಡಿ ಕಳೆಯುವುದು ಗೊತ್ತು. ಸಮಾಧಾನ ಹೇಳುವುದಕ್ಕೆ ಮನೆಯಲ್ಲಿ ಬೇಕಾದಷ್ಟು ಜನ ಇರುತ್ತಾರೆ, ಅದನ್ನು ಅವರಿಗೇ ಬಿಟ್ಟಿದ್ದೇನೆ.

• ಮೊದಲು ಒಂದು ಭ್ರಮೆ ಬಿಡು. ಅಮೆರಿಕದಲ್ಲಿರುವ ದೊಡ್ಡಪ್ಪನ ಮಗ ಫೋನಿನಲ್ಲಿ "ಇಲ್ಲಿ ಕೆಲಸ ಹೋದರೆ ಸರ್ಕಾರ ವಾರ ವಾರ ದುಡ್ಡು ಹಾಕುತ್ತೆ" ಅಂದಿದ್ದು ಅವರ ಕಡೆಗೆ ನಿಜ. ನಮ್ಮ ದೇಶದಲ್ಲಿ ಹಾಗೆ ವಾರಕ್ಕೊಮ್ಮೆ ಯಾರೂ ಕಳಿಸುವುದಿಲ್ಲ. ಇರುವುದೆಲ್ಲ ಬಿಡಿಬಿಡಿ. ಕಾರ್ಮಿಕರ ರಾಜ್ಯ ವಿಮೆಯಾದ ಇಎಸ್‌ಐ ಕಡೆಯಿಂದ ಸ್ವಲ್ಪ, ಕಂಪನಿಯಿಂದ ಸ್ವಲ್ಪ, ಪಿಎಫ್ ಖಾತೆಯಲ್ಲಿ ಸ್ವಲ್ಪ. ಒಂದೊಂದಕ್ಕೂ ಒಂದೊಂದು ಅರ್ಜಿ, ಒಂದೊಂದೂ ಬೇರೆ ಬೇರೆ ದಿನ ಕೈಗೆ ಬರುತ್ತದೆ. ಇವನ್ನೆಲ್ಲ ಕೂಡಿಸಿ ವಾರಕ್ಕೆ ಹಂಚುವ ಕೆಲಸ ನಿನ್ನದೇ.

• ವಾರಕ್ಕೇ ಯಾಕೆ ಅಂತೀಯಾ? ತಿಂಗಳ ಲೆಕ್ಕ ಸಂಬಳ ಬರುತ್ತಿದ್ದಾಗಿನದು. ಊರಲ್ಲಿ ಖರ್ಚು ವಾರದ ಮೇಲೆ ನಡೆಯುತ್ತದೆ. ಸ್ವಸಹಾಯ ಸಂಘದ ಕಂತು ವಾರಕ್ಕೆ, ತೋಟದ ಬಟವಾಡೆ ವಾರಕ್ಕೆ, ಸಂತೆ ವಾರಕ್ಕೆ. 1 ಲಕ್ಷ ರೂಪಾಯಿ ಒಟ್ಟಿಗೆ ಬಂದರೆ ಬೈಕಿನ ಯೋಚನೆ ಬರುತ್ತದೆ. ಅದನ್ನೇ 52 ವಾರಕ್ಕೆ ಹಂಚಿ ವಾರಕ್ಕೆ 1,923 ಅಂತ ಬರೆದು ಗೋಡೆಗೆ ಅಂಟಿಸಿದರೆ ಬೈಕು ತಾನೇ ಮರೆತುಹೋಗುತ್ತದೆ.

• ಸಂಬಳ ಚೀಟಿಗಳನ್ನು ಈಗಲೇ, ಕಂಪನಿಯ ಆ್ಯಪ್ ಇನ್ನೂ ತೆರೆಯುವಾಗಲೇ, ಇಳಿಸಿಟ್ಟುಕೋ. ಎರಡು ವರ್ಷದ್ದಾದರೂ ಬೇಕು. ಕೆಲಸದಿಂದ ತೆಗೆದ ಮಾರನೆಯ ದಿನವೇ ಲಾಗಿನ್ ಮುಚ್ಚುವ ಕಂಪನಿಗಳಿವೆ. ನೇಮಕಾತಿ ಪತ್ರ, ಕೆಲಸದಿಂದ ತೆಗೆದ ಪತ್ರ, ಇಎಸ್‌ಐ ವಿಮಾ ಸಂಖ್ಯೆ, ಪಿಎಫ್‌ನ ಯುಎಎನ್, ಬ್ಯಾಂಕ್ ಪಾಸ್‌ಬುಕ್ಕು, ಆಧಾರ್ ಎಲ್ಲವನ್ನೂ ಒಂದೇ ಕವರಿನಲ್ಲಿಡು. ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ಪ್ಲಾಸ್ಟಿಕ್ ಕವರೇ ಆಗಲಿ.

• ಆ ಚೀಟಿಯಲ್ಲಿ ಮೊದಲು ನೋಡಬೇಕಾದದ್ದು ಕೆಳಗಿನ ಮೊತ್ತವನ್ನಲ್ಲ, ಕಡಿತದ ಸಾಲನ್ನು. ಜಯಪುರದ ಕಡೆಯ ಒಬ್ಬಳು ಹುಡುಗಿ ಗಾರ್ಮೆಂಟ್ಸ್ ಬಿಟ್ಟು ಬಂದವಳು ತನ್ನ ಚೀಟಿ ತಂದು ತೋರಿಸಿದ್ದಳು. ಇಎಸ್‌ಐ ಎಂಬ ಸಾಲಿನಲ್ಲಿ 99 ರೂಪಾಯಿ. "ನಂಗೆ ಇಎಸ್‌ಐ ಎಲ್ಲ ಇಲ್ಲ ಅಂಕಲ್, ಒಂದಿನನೂ ಆಸ್ಪತ್ರೆಗೆ ಹೋಗಿಲ್ಲ" ಅಂದಳು. ಆ 99 ರೂಪಾಯಿಯೇ ಅವಳ ಆಧಾರ. 2019ರ ಜುಲೈನಿಂದ ಕೆಲಸಗಾರರ ಪಾಲು ಸಂಬಳದ ಶೇಕಡ 0.75, ಮಾಲೀಕರದು 3.25. ಕಡಿತವಾದ ಮೊತ್ತವನ್ನು 400ರಿಂದ ಗುಣಿಸಿ 3ರಿಂದ ಭಾಗಿಸಿದರೆ ಕಂಪನಿ ಇಎಸ್‌ಐಗೆ ತೋರಿಸಿದ ಸಂಬಳ ಸಿಗುತ್ತದೆ. 99ಕ್ಕೆ 13,200. ಕೈಗೆ ಬರುತ್ತಿದ್ದುದಕ್ಕೂ ಇದಕ್ಕೂ ದೊಡ್ಡ ಅಂತರವಿದ್ದರೆ ಕಂಪನಿ ಕಡಿಮೆ ತೋರಿಸಿದೆ ಎಂದರ್ಥ. ನಿನ್ನ ಭತ್ಯೆಯ ಲೆಕ್ಕ ಅವರು ತೋರಿಸಿದ ಅಂಕಿಯ ಮೇಲೆಯೇ ನಡೆಯುವುದು.

• ಇಎಸ್‌ಐನಲ್ಲಿ ನಿರುದ್ಯೋಗಕ್ಕೆಂದು ಇರುವ ಯೋಜನೆಯ ಹೆಸರು ಉದ್ದ: ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ. 2018ರ ಜುಲೈ 1ರಿಂದ ಶುರುವಾಯಿತು. ಮೊದಲು ದಿನದ ಸರಾಸರಿ ಗಳಿಕೆಯ ಕಾಲು ಭಾಗ ಕೊಡುತ್ತಿದ್ದರು, ಕೊರೊನಾ ಕಾಲದಲ್ಲಿ ಅರ್ಧಕ್ಕೆ ಏರಿಸಿದರು. ಹೆಚ್ಚೆಂದರೆ 90 ದಿನ, ಜೀವಮಾನದಲ್ಲಿ ಒಂದೇ ಸಲ. ಇದಕ್ಕೆ ಒಂದು ಅವಧಿ ಇಟ್ಟಿರುತ್ತಾರೆ, ಮುಗಿಯುತ್ತಾ ಬಂದಾಗ ಮುಂದಕ್ಕೆ ಹಾಕುತ್ತಾರೆ. ಹಾಗಾಗಿ ನಿನ್ನ ಕೆಲಸ ಹೋದ ತಾರೀಖು ಆ ಅವಧಿಯೊಳಗೆ ಬರುತ್ತದೆಯೇ, ಆಗ ಇದ್ದ ದರ ಎಷ್ಟು ಎಂಬುದನ್ನು ಶಾಖಾ ಕಚೇರಿಯಲ್ಲಿ ಮೊದಲು ಕೇಳು.

• ಅರ್ಹತೆಗೆ ಎರಡು ವರ್ಷ ಇಎಸ್‌ಐ ಇರುವ ಕೆಲಸ ಮಾಡಿರಬೇಕು. ಇಎಸ್‌ಐ ವರ್ಷವನ್ನು ಎರಡಾಗಿ ಸೀಳುತ್ತದೆ, ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ಪಾಲು, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಕೆಲಸ ಹೋಗುವ ಮುಂಚಿನ ಪಾಲಿನಲ್ಲಿ 78 ದಿನ, ಅದರ ಹಿಂದಿನ ಮೂರು ಪಾಲಿನಲ್ಲಿ ಯಾವುದಾದರೂ ಒಂದರಲ್ಲಿ 78 ದಿನ ವಂತಿಗೆ ಕಟ್ಟಿರಬೇಕು. ಮೊದಲು ನಾಲ್ಕೂ ಪಾಲಿಗೆ 78 ದಿನ ಬೇಕಿತ್ತು, ಅದನ್ನು 2020ರಲ್ಲಿ ಸಡಿಲಿಸಿದರು. ಹೆರಿಗೆಗೋ ತೋಟದ ಕೊಯ್ಲಿಗೋ ರಜೆ ಹಾಕಿ ಊರಿಗೆ ಬಂದಿದ್ದವರು ಈ ಲೆಕ್ಕವನ್ನು ಬೆರಳು ಮಡಚಿ ಮಾಡಿ ನೋಡಬೇಕು.

• ಈಗ ಮೊತ್ತ. ತಿಂಗಳಿಗೆ 18,000 ಸಂಬಳದ ಹುಡುಗ ಅಂತ ಇಟ್ಟುಕೋ. ಎಲ್ಲರೂ ಮಾಡುವುದು 18,000ವನ್ನು 30ರಿಂದ ಭಾಗಿಸಿ ದಿನಕ್ಕೆ 600 ಎನ್ನುವುದು. ಇಎಸ್‌ಐ ಹಾಗೆ ಮಾಡುವುದಿಲ್ಲ. ನಾಲ್ಕು ಪಾಲಿನ, ಅಂದರೆ ಎರಡು ವರ್ಷದ, ಒಟ್ಟು ಗಳಿಕೆಯನ್ನು 730 ದಿನದಿಂದ ಭಾಗಿಸುತ್ತದೆ. 24 ತಿಂಗಳೂ ಪೂರ್ತಿ ಸಂಬಳ ಬಂದಿದ್ದರೆ 4,32,000 ಭಾಗಿಸು 730, ದಿನಕ್ಕೆ 591 ರೂಪಾಯಿ 78 ಪೈಸೆ. ಅದರ ಅರ್ಧ 295.89. ವಾರಕ್ಕೆ 2,071. 90 ದಿನಕ್ಕೆ ಒಟ್ಟು 26,630. ಕಾಲು ಭಾಗದ ದರವಾದರೆ ಇದರಲ್ಲಿ ಅರ್ಧ, ವಾರಕ್ಕೆ 1,035. ನಡುವೆ ಸಂಬಳವಿಲ್ಲದ ರಜೆ ಹಾಕಿ ಎರಡು ವರ್ಷದ ಗಳಿಕೆ 3,60,000ಕ್ಕೆ ಇಳಿದಿದ್ದರೂ ಭಾಗಿಸುವುದು ಅದೇ 730ರಿಂದ. ಆಗ ಅರ್ಧದ ದರದಲ್ಲೂ ವಾರಕ್ಕೆ 1,726 ಅಷ್ಟೇ. ಕೊನೆಯ ತಿಂಗಳ ಸಂಬಳ ನೋಡಿ ಅಂದಾಜು ಮಾಡಿದವರೆಲ್ಲ ಕಚೇರಿಯ ಮುಂದೆ ಜಗಳ ಆಡುವುದು ಈ 730ರ ವಿಚಾರಕ್ಕೇ.

• ಕೆಲಸ ಹೋಗಿ 30 ದಿನ ಕಳೆದ ಮೇಲೆ ಅರ್ಜಿ ಹಾಕಬಹುದು. ಮೊದಲು 90 ದಿನ ಕಾಯಬೇಕಿತ್ತು. ಹಳೆಯ ಮಾಲೀಕರ ಮೂಲಕವೇ ಹೋಗಬೇಕೆಂದಿಲ್ಲ, ನೀನೇ ನೇರವಾಗಿ ಶಾಖಾ ಕಚೇರಿಗೆ ಸಲ್ಲಿಸಬಹುದು. ಇನ್ನೊಂದು ಕೆಲಸ ಸಿಕ್ಕ ದಿನಕ್ಕೆ ಭತ್ಯೆ ನಿಲ್ಲುತ್ತದೆ, ಅದನ್ನು ಮುಚ್ಚಿಡಬೇಡ. ಹೊಸ ಕಡೆ ನಿನ್ನ ಆಧಾರ್ ನೋಂದಾಯಿಸಿದ ಕೂಡಲೇ ಅವರ ಕಂಪ್ಯೂಟರಿಗೆ ಗೊತ್ತಾಗುತ್ತದೆ.

• ಕಾರ್ಖಾನೆಯೇ ಮುಚ್ಚಿದ್ದರೆ, ಅಥವಾ ಕಾನೂನು ಪ್ರಕಾರ ರಿಟ್ರೆಂಚ್‌ಮೆಂಟ್ (ನಿನ್ನ ತಪ್ಪಿಲ್ಲದೆ ಕಂಪನಿಯೇ ಕೆಲಸದಿಂದ ತೆಗೆಯುವುದು) ಮಾಡಿದ್ದರೆ ಕೇಳಬೇಕಾದದ್ದು ಇಎಸ್‌ಐನದೇ ಬೇರೆ ಯೋಜನೆ. ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ ಯೋಜನೆ, 2005ರ ಏಪ್ರಿಲ್ 1ರಿಂದ ಇದೆ, ಹೆಚ್ಚು ಜನಕ್ಕೆ ಗೊತ್ತಿಲ್ಲ. ಇದರಲ್ಲಿ ಮೊದಲ 12 ತಿಂಗಳು ಸರಾಸರಿ ಕೂಲಿಯ ಅರ್ಧ, ಮುಂದಿನ 12 ತಿಂಗಳು ಕಾಲು. ಅಂದರೆ ಅದೇ 18,000ದ ಹುಡುಗನಿಗೆ ವರ್ಷವಿಡೀ ವಾರಕ್ಕೆ ಸುಮಾರು 2,070, ಎರಡನೇ ವರ್ಷ 1,035ರ ಆಸುಪಾಸು. 90 ದಿನದ ಭತ್ಯೆಯನ್ನೂ ಇದನ್ನೂ ಒಟ್ಟಿಗೆ ತೆಗೆದುಕೊಳ್ಳಲು ಬರುವುದಿಲ್ಲ. ಕೌಂಟರಿನಲ್ಲಿ ಕೂತವರು ಚಿಕ್ಕದನ್ನೇ ಮೊದಲು ಹೇಳಬಹುದು, ದೊಡ್ಡದರ ಹೆಸರನ್ನು ನೀನು ನೆನಪಿಟ್ಟುಕೊಂಡು ಹೋಗು.

• ಈ ಎರಡೂ ಯಾರಿಗಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ತಿಂಗಳಿಗೆ 21,000ಕ್ಕಿಂತ ಹೆಚ್ಚು ಸಂಬಳಕ್ಕೆ ಸೇರಿದವರು ಇಎಸ್‌ಐಗೇ ಬರುವುದಿಲ್ಲ, ಹಾಗಾಗಿ ಸಾಫ್ಟ್‌ವೇರ್‌ನವರು ಈ ದಾರಿ ಮರೆತುಬಿಡಿ. ನಮ್ಮ ಕಾಫಿ ಎಸ್ಟೇಟಿನ ಲೈನ್ ಮನೆಗಳಲ್ಲಿ ಇರುವವರಿಗೆ ಆಸ್ಪತ್ರೆ, ಮನೆ ಎಲ್ಲ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯಲ್ಲಿ ಬಂದದ್ದು, ಇಎಸ್‌ಐನಲ್ಲಲ್ಲ. ಅಡಿಕೆ ಸುಲಿಯುವವರಿಗೆ, ಕೊನೆ ಕೊಯ್ಯುವವರಿಗೆ, ಮದ್ದು ಹೊಡೆಯುವವರಿಗೆ ಎರಡೂ ಇಲ್ಲ. ಇ-ಶ್ರಮ ಕಾರ್ಡು ಮಾಡಿಸಿದರೆ ತಿಂಗಳಿಗೆ ಇಷ್ಟು ಬರುತ್ತದೆ ಎಂದು ವಾಟ್ಸಾಪಿನಲ್ಲಿ ಹರಿದಾಡುವುದು ಸುಳ್ಳು, ಅದು ಬರೀ ನೋಂದಣಿ.

• ಈಗ ಹೇಳುವುದನ್ನು ಮಾತ್ರ ಎರಡು ಸಲ ಓದು. "ರಾಜೀನಾಮೆ ಬರೆದುಕೊಡಿ, ನಿಮ್ಮ ರೆಕಾರ್ಡ್ ಕ್ಲೀನ್ ಇರುತ್ತೆ, ಮುಂದಿನ ಕಡೆ ಕೆಲಸ ಸುಲಭ ಆಗುತ್ತೆ" ಎಂದು ಎಚ್.ಆರ್. ಮೇಡಂ ನಯವಾಗಿ ಹೇಳುತ್ತಾರಲ್ಲ, ಆ ಸಹಿಗೆ ಬೆಲೆ ಎಷ್ಟು ಎಂದು ಲೆಕ್ಕ ಹಾಕೋಣ. ನಮ್ಮ 18,000ದ ಹುಡುಗನೇ ಇರಲಿ. ಮಷಿನ್ ಮೇಲೆ ಕೆಲಸ, 7 ವರ್ಷ ಸೇವೆ, ಸಂಬಳದಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 12,000.

ಗ್ರಾಚ್ಯುಯಿಟಿ: 12,000ವನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ ವರ್ಷದ ಸಂಖ್ಯೆಯಿಂದ ಗುಣಿಸಬೇಕು. 7 ವರ್ಷಕ್ಕೆ 48,461. ಇದು ರಾಜೀನಾಮೆ ಕೊಟ್ಟರೂ ಬರುತ್ತದೆ.

ರಿಟ್ರೆಂಚ್‌ಮೆಂಟ್ ಪರಿಹಾರ: ಪೂರ್ತಿಯಾದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳ. ಅರ್ಧ ತಿಂಗಳದ್ದು 9,000 ಎಂದರೆ 7 ವರ್ಷಕ್ಕೆ 63,000. ಒಂದು ತಿಂಗಳ ನೋಟಿಸು ಕೊಡದಿದ್ದರೆ ಅದರ ಬದಲು 18,000. ಇವೆರಡೂ ಕಂಪನಿ ನಿನ್ನನ್ನು ತೆಗೆದರೆ ಮಾತ್ರ.

ತೆಗೆದರೆ ಒಟ್ಟು 1,29,461. 52 ವಾರಕ್ಕೆ ಹಂಚಿದರೆ 2,489. ಇದರ ಮೇಲೆ ಇಎಸ್‌ಐನ ರಿಟ್ರೆಂಚ್‌ಮೆಂಟ್ ಭತ್ಯೆ ವಾರಕ್ಕೆ 2,070. ಎರಡೂ ಸೇರಿ 4,559. ರಾಜೀನಾಮೆ ಕೊಟ್ಟರೆ ಗ್ರಾಚ್ಯುಯಿಟಿ ಒಂದೇ, ವಾರಕ್ಕೆ 932. ತಾನಾಗಿ ಬಿಟ್ಟವರಿಗೆ ಇಎಸ್‌ಐ ಭತ್ಯೆಯ ಬಾಗಿಲೂ ಮುಚ್ಚುತ್ತದೆ. ಅವನ ಹಳೆಯ ಸಂಬಳ ವಾರಕ್ಕೆ 4,154 ಬೀಳುತ್ತಿತ್ತು ಎಂಬುದನ್ನೂ ಪಕ್ಕದಲ್ಲಿ ಬರೆದುಕೋ. ವರ್ಷವಿಡೀ ಹಳೆಯ ಸಂಬಳದಷ್ಟೇ ಸಿಗುವುದಕ್ಕೂ ಒಂದೂವರೆ ದಿನದ ಕೂಲಿಯಲ್ಲಿ ವಾರ ತಳ್ಳುವುದಕ್ಕೂ ನಡುವೆ ಇರುವುದು ಆ ಒಂದು ಸಹಿ. ಮೇಡಂ ತಪ್ಪು ಅಂತಲ್ಲ, ಅವರ ಕೆಲಸ ಅವರು ಮಾಡುತ್ತಾರೆ. "ಮನೆಯಲ್ಲಿ ಕೇಳಿ ನಾಳೆ ಹೇಳ್ತೀನಿ ಮೇಡಂ" ಎಂದು ಎದ್ದು ಬಾ.

• 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳಲ್ಲಿ ನಿನಗೆ ಬೇಕಾದ್ದು ಮೂರೇ. ಕೆಲಸದಿಂದ ತೆಗೆದರೂ ನೀನೇ ಬಿಟ್ಟರೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು. ರಿಟ್ರೆಂಚ್‌ಮೆಂಟ್ ಆದವರಿಗೆ ಹೊಸ ಕಸುಬು ಕಲಿಯಲೆಂದು 15 ದಿನದ ವೇತನದಷ್ಟು ಹಣ ಬೇರೊಂದು ನಿಧಿಯಿಂದ 45 ದಿನದೊಳಗೆ ಖಾತೆಗೆ ಬೀಳಬೇಕು. ನಿಗದಿತ ಅವಧಿಯ ಕರಾರಿನ ಮೇಲೆ ಇದ್ದವರಿಗೆ ಗ್ರಾಚ್ಯುಯಿಟಿಗೆ ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷ ಸಾಕು. "ಕಾಂಟ್ರಾಕ್ಟಿನವರಿಗೆ ಗ್ರಾಚ್ಯುಯಿಟಿ ಎಲ್ಲಿಂದ ಬಂತು" ಎಂಬ ಹಳೆಯ ರಾಗ ಹಾಡಿದರೆ ಈ ತಾರೀಖು ಹೇಳು. ಮೇಲ್ವಿಚಾರಕನಾಗಿದ್ದು 18,000ಕ್ಕಿಂತ ಮೇಲೆ ಸಂಬಳ ಇದ್ದರೆ ರಿಟ್ರೆಂಚ್‌ಮೆಂಟಿನ ಮಾತು ಅನ್ವಯಿಸುವುದಿಲ್ಲ, ಗ್ರಾಚ್ಯುಯಿಟಿ ಅನ್ವಯಿಸುತ್ತದೆ.

• ತಾರೀಖಿಗೆ ಎಷ್ಟು ತೂಕ ಎಂಬುದನ್ನು ನಮ್ಮೂರಲ್ಲೇ ನೋಡಿದ್ದೇವೆ. ಕೊಪ್ಪದ ಸಹಕಾರ ಸಾರಿಗೆ ನೆನಪಿದೆಯಲ್ಲ. ಶಂಕರ್ ಕಂಪನಿಯ ಬಸ್ಸುಗಳು ನಿಂತಾಗ ಕೆಲಸ ಕಳೆದುಕೊಂಡ ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್‌ಗಳೇ ಸೇರಿ 1991ರಲ್ಲಿ ಕಟ್ಟಿದ ಸಂಘ. ಪರಿಹಾರ ತೆಗೆದುಕೊಂಡು ಮನೆಗೆ ಹೋಗುವ ಬದಲು ಬಸ್ಸನ್ನೇ ಹಿಡಿದು ನಿಂತವರು. ಕಾರ್ಮಿಕರೇ ಒಡೆಯರಾಗಿ ಸುಮಾರು ಮೂರು ದಶಕ ಮಲೆನಾಡಿನ ರಸ್ತೆಗಳಲ್ಲಿ ಓಡಿಸಿದರು. ಶಾಲೆಯ ಮಕ್ಕಳು ಆ ಬಸ್ಸಿನಲ್ಲೇ ಬೆಳೆದರು, ಹಾಲಿನ ಕ್ಯಾನು, ಬಾಳೆಗೊನೆ, ಬಾಣಂತಿಯರು ಎಲ್ಲ ಅದರಲ್ಲೇ ಹೋದದ್ದು. ನಷ್ಟ ತಡೆಯಲಾಗದೆ 2020ರ ಫೆಬ್ರುವರಿಯಲ್ಲಿ ಓಡಾಟ ನಿಂತಿತು, ನೂರಾರು ಮನೆಗಳ ದುಡಿಮೆ ಒಂದೇ ಸಲಕ್ಕೆ ಹೋಯಿತು. ಮರುತಿಂಗಳೇ ಲಾಕ್‌ಡೌನ್. ಇಎಸ್‌ಐ ಭತ್ಯೆಯನ್ನು ಕಾಲಿನಿಂದ ಅರ್ಧಕ್ಕೆ ಏರಿಸಿದ್ದು 2020ರ ಮಾರ್ಚ್ 24ರಿಂದ ಈಚೆಗೆ ಕೆಲಸ ಹೋದವರಿಗೆ. ದೇಶದಲ್ಲಿ ಅದರ ಹಿಂದಿನ ವಾರ ಕೆಲಸ ಹೋದವರಿಗೆ ಕಾಲೇ ಗತಿ. ಒಂದೇ ಕಷ್ಟ, ಒಂದೇ ಬೇಸಿಗೆ, ಎರಡು ದರ. ಅದಕ್ಕೇ ಹೇಳುವುದು, ಕೊನೆಯ ಕೆಲಸದ ದಿನ ಯಾವುದೆಂದು ಕಂಪನಿ ಕಾಗದದ ಮೇಲೆ ಬರೆದದ್ದು ಸರಿಯಿದೆಯೇ ನೋಡು. ಸಹಕಾರ ಸಂಘದಲ್ಲಿ ದುಡಿಯುವವರು ಇನ್ನೊಂದು ನೆನಪಿಡಬೇಕು: ಷೇರು ಹಣ ಸದಸ್ಯನಾಗಿ ಬರುವುದು, ಬಾಕಿ ಸಂಬಳ ಮತ್ತು ಗ್ರಾಚ್ಯುಯಿಟಿ ಕೆಲಸಗಾರನಾಗಿ ಬರುವುದು. ಎರಡಕ್ಕೂ ಬೇರೆ ಬೇರೆ ಅರ್ಜಿ ಕೊಡು.

• ಪಿಎಫ್ ವಿಷಯ. ಅದನ್ನು ವಾರದ ಲೆಕ್ಕಕ್ಕೆ ತರಬೇಡ ಎಂಬುದು ನನ್ನ ಅಭಿಪ್ರಾಯ. ಬೇಕೆಂದರೆ ಬಾಕಿಯ ಶೇಕಡ 75 ತೆಗೆಯಬಹುದು. ಉಳಿದದ್ದನ್ನು ಎರಡು ತಿಂಗಳು ಕೆಲಸವಿಲ್ಲದಿದ್ದರೆ ಕೊಡುತ್ತಿದ್ದರು, 2025ರ ಅಕ್ಟೋಬರ್ 13ರ ಟ್ರಸ್ಟಿಗಳ ಸಭೆಯಲ್ಲಿ ಅದನ್ನು 12 ತಿಂಗಳಿಗೆ ಏರಿಸುವ ತೀರ್ಮಾನವಾಯಿತು. ಪೇಪರಿನಲ್ಲಿ ಓದಿ ಸುಮಾರು ಜನ ಬೈದರು. ನನಗೆ ಅದು ಕೆಟ್ಟದ್ದೆನಿಸಲಿಲ್ಲ. ಅಂಥ ಹಣ ಕೈಗೆ ಬಂದ ಮನೆಗಳಲ್ಲಿ ಮೊದಲು ಅಕ್ಕನ ಮದುವೆಯ ಸಾಲ ತೀರುತ್ತದೆ, ಆಮೇಲೆ ಮನೆಯ ಮಾಡು, ಕೊನೆಗೆ ಹುಡುಗನ ಹತ್ತಿರ ಬಸ್ ಚಾರ್ಜಿಗೂ ಇರುವುದಿಲ್ಲ. ಅದು ನಿನ್ನ ಮುದಿತನದ್ದು, ಅಲ್ಲೇ ಇರಲಿ.

• ತೆಗೆಯಲೇಬೇಕಾದರೆ ಕಂಪನಿ ನಿನ್ನ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ ಹಾಕಿದೆಯೇ ನೋಡು. ಆಮೇಲೆ ಹೆಸರು. ನಮ್ಮ ಕಡೆಯ ಅರ್ಧ ಅರ್ಜಿಗಳು ವಾಪಸಾಗುವುದು ಹೆಸರಿನಿಂದಲೇ. ಆಧಾರಿನಲ್ಲಿ ಹೆಗ್ಡೆ, ಪಿಎಫ್‌ನಲ್ಲಿ ಹೆಗಡೆ, ಬ್ಯಾಂಕಿನಲ್ಲಿ ಅಪ್ಪನ ಇನಿಷಿಯಲ್ ಮುಂದೆ, ಮಾರ್ಕ್ಸ್ ಕಾರ್ಡಿನಲ್ಲಿ ಹಿಂದೆ. ಮದುವೆಯಾದ ಹೆಣ್ಣುಮಕ್ಕಳಿಗಂತೂ ಎರಡು ಮನೆತನದ ಹೆಸರು. ಆನ್‌ಲೈನಿನಲ್ಲಿ ಬಗೆಹರಿಯದಿದ್ದರೆ ಚಿಕ್ಕಮಗಳೂರಿನಲ್ಲೇ ಪಿಎಫ್ ಪ್ರಾದೇಶಿಕ ಕಚೇರಿ ಇದೆ, ಬೆಂಗಳೂರಿಗೆ ಓಡಬೇಡ. ಆದರೆ ನಿನ್ನ ಖಾತೆ ಬೆಂಗಳೂರಿನ ಯಾವುದೋ ಕಚೇರಿಯ ಅಡಿಯಲ್ಲಿ ಇರಬಹುದು, ತೀರ್ಮಾನ ಅಲ್ಲಿಂದಲೇ ಬರಬೇಕು. ಕಮಿಷನ್ ಕೊಟ್ಟರೆ ಒಂದೇ ದಿನದಲ್ಲಿ ಮಾಡಿಸಿಕೊಡುತ್ತೇನೆ ಎನ್ನುವವನಿಗೆ ಓಟಿಪಿ ಹೇಳಬೇಡ.

• ಕೆರೆಕಟ್ಟೆ, ಬಸರೀಕಟ್ಟೆಯಂಥ ಕಡೆ ಮನೆ ಇರುವವರು ಓಟಿಪಿಗಾಗಿ ಗುಡ್ಡ ಹತ್ತಬೇಕಾಗುತ್ತದೆ. ಬಂದ ಓಟಿಪಿ ಕೆಳಗಿಳಿಯುವಷ್ಟರಲ್ಲಿ ಹಳತಾಗಿರುತ್ತದೆ. ಪೇಟೆಗೆ ಬಂದಾಗಲೇ ಅರ್ಜಿ ಮುಗಿಸು, ಅರ್ಧಂಬರ್ಧ ತುಂಬಿಸಿ ಮನೆಯಲ್ಲಿ ಮುಗಿಸುತ್ತೇನೆ ಅನ್ನಬೇಡ.

• ಊರಲ್ಲೇ ಇದ್ದು ಕೂಲಿ ಮಾಡಲು ತಯಾರಿದ್ದರೆ ಉದ್ಯೋಗ ಖಾತರಿಯಲ್ಲೂ ನಿರುದ್ಯೋಗ ಭತ್ಯೆ ಎಂಬುದಿದೆ. ಗ್ರಾಮ ಪಂಚಾಯಿತಿಗೆ ನಮೂನೆ 6ರಲ್ಲಿ ಕೆಲಸ ಕೇಳಿ 15 ದಿನದೊಳಗೆ ಕೊಡದಿದ್ದರೆ ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕೆ ಕಡಿಮೆಯಿಲ್ಲದಂತೆ, ಆಮೇಲೆ ಅರ್ಧಕ್ಕೆ ಕಡಿಮೆಯಿಲ್ಲದಂತೆ ಕೊಡಬೇಕು ಎಂದು 2005ರ ಕಾಯ್ದೆ ಹೇಳಿತು. 2025-26ಕ್ಕೆ ಕರ್ನಾಟಕದ ಕೂಲಿ ದಿನಕ್ಕೆ 370. ಕಾಲು ಭಾಗ 92.50, ಏಳು ದಿನಕ್ಕೆ 647. ಅರ್ಧ 185, ಏಳು ದಿನಕ್ಕೆ 1,295. ಕಾಗದದ ಮೇಲೆ ಚೆನ್ನಾಗಿದೆ, ಅಲ್ಲವೇ? ಪಡೆದವರನ್ನು ನಾನು ಕಂಡದ್ದು ಕಡಿಮೆ. ಕಾರಣ ಸರಳ, ಅರ್ಜಿ ಕೊಟ್ಟದ್ದಕ್ಕೆ ತಾರೀಖು ಹಾಕಿದ ರಸೀದಿ ಯಾರ ಹತ್ತಿರವೂ ಇರುವುದಿಲ್ಲ. "ಆಮೇಲೆ ಕೊಡ್ತೀವಿ, ಹೋಗಿ ಬನ್ನಿ" ಎಂದರೆ ಹೋಗಬೇಡ, ರಸೀದಿ ಕೈಗೆ ಬರುವವರೆಗೆ ಅಲ್ಲೇ ಬೆಂಚಿನ ಮೇಲೆ ಕೂತಿರು. ರಸೀದಿ ಹಿಡಿದು ನಿಂತವರಿಗೆ ಭತ್ಯೆಗಿಂತ ಬೇಗ ಕೆಲಸವೇ ಸಿಕ್ಕಿಬಿಡುತ್ತದೆ, ಬಸಿಗಾಲುವೆಯೋ ಇಂಗುಗುಂಡಿಯೋ. ಅದೂ ಒಳ್ಳೆಯದೇ. 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯ್ದೆ ವರ್ಷದ 100 ದಿನದ ಕೆಲಸವನ್ನು 125 ಮಾಡುತ್ತದೆ, ಬಿತ್ತನೆ ಕೊಯ್ಲಿನ ಹೊತ್ತಿನಲ್ಲಿ ವರ್ಷಕ್ಕೆ 60 ದಿನದವರೆಗೆ ಕೆಲಸ ನಿಲ್ಲಿಸಲೂ ಅವಕಾಶ ಕೊಡುತ್ತದೆ. ನಮ್ಮಲ್ಲಿ ಅಡಿಕೆ ಕೊಯ್ಲು, ಕಾಫಿ ಕೊಯ್ಲು ನಡೆಯುವಾಗ ಹೇಗೂ ತೋಟದಲ್ಲಿ ಕೆಲಸವಿರುತ್ತದೆ. ಆಷಾಢದ ಮಳೆಯಲ್ಲಿ ಏನು ಮಾಡುತ್ತೀ ಎಂಬುದನ್ನು ಮುಂಚೆಯೇ ಯೋಚಿಸು.

• ಯುವನಿಧಿಯನ್ನು ಇದರ ಜೊತೆ ಕಲಸಬೇಡ. ಅದು ಕೆಲಸ ಹೋದವರಿಗಲ್ಲ, ಓದು ಮುಗಿಸಿ ಕೆಲಸ ಸಿಗದವರಿಗೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಮೊದಲ ಕಂತು ಕೊಟ್ಟರು. ಪದವಿಯವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಪಾಸಾಗಿ 180 ದಿನ ಕೆಲಸ ಸಿಗದಿದ್ದರೆ, ಹೆಚ್ಚೆಂದರೆ ಎರಡು ವರ್ಷ. ವಾರಕ್ಕೆ 692 ಮತ್ತು 346 ಬೀಳುತ್ತದೆ. ಕೆಲಸ ಸಿಕ್ಕಿಲ್ಲ ಎಂಬ ಸ್ವಯಂ ಘೋಷಣೆಯನ್ನು ಆಗಾಗ ಕೊಡುತ್ತಿರಬೇಕು, ಮರೆತರೆ ನಿಲ್ಲುತ್ತದೆ. ಮನೆಯಲ್ಲಿ ತಂಗಿ ಇದನ್ನು ಪಡೆಯುತ್ತಿದ್ದರೆ ಅದು ಅವಳದು. ಅಮ್ಮನ ಗೃಹಲಕ್ಷ್ಮಿಯ 2,000 ಅಮ್ಮನದು. ನಿನ್ನ ವಾರದ ಹಾಳೆಯಲ್ಲಿ ಅವೆರಡನ್ನೂ ಬರೆಯಕೂಡದು. ಅಮ್ಮ ಕೊಟ್ಟರೂ ಸಾಲದ ಕಡೆ ಬರೆ.

• ಹೊರದೇಶದಲ್ಲಿ ಇರುವವರಿಗೆ ಒಂದು ಮಾತು, ಶೃಂಗೇರಿ ಕಡೆಯ ಅಪ್ಪ ಅಮ್ಮಂದಿರು ನನ್ನನ್ನು ಕೇಳುತ್ತಾರೆಂದು. ಕ್ಯಾಲಿಫೋರ್ನಿಯಾದಲ್ಲಾದರೆ ಅರ್ಜಿಗೆ ಹಿಂದಿನ ಐದು ಪೂರ್ಣ ತ್ರೈಮಾಸಿಕಗಳಲ್ಲಿ ಮೊದಲ ನಾಲ್ಕನ್ನು ತೆಗೆದುಕೊಂಡು, ಅವುಗಳಲ್ಲಿ ಹೆಚ್ಚು ಗಳಿಸಿದ ಒಂದನ್ನು 26ರಿಂದ ಭಾಗಿಸುತ್ತಾರೆ. ಬರುವ ಅಂಕಿಯೇ ವಾರದ ಭತ್ಯೆ, ಆದರೆ 450 ಡಾಲರಿಗೆ ತಡೆ. ಆ ತ್ರೈಮಾಸಿಕದಲ್ಲಿ 30,000 ಡಾಲರ್ ಗಳಿಸಿದವನಿಗೂ ಅಷ್ಟೇ, 12,000 ಗಳಿಸಿದವನಿಗೂ ಅಷ್ಟೇ. ಮೊದಲ ವಾರ ಕಾಯುವ ವಾರ, ಅದಕ್ಕೆ ಕೊಡುವುದಿಲ್ಲ. ಒಂದೊಂದು ರಾಜ್ಯಕ್ಕೆ ಒಂದೊಂದು ಸೂತ್ರ. ಎಚ್-1ಬಿ ಮೇಲೆ ಹೋದ ನಮ್ಮ ಮಕ್ಕಳಿಗೆ ಮಾತ್ರ ಈ ಭತ್ಯೆ ಸಾಮಾನ್ಯವಾಗಿ ಸಿಗುವುದಿಲ್ಲ, ಅವರ ವೀಸಾ ಒಬ್ಬ ಮಾಲೀಕನಿಗೆ ಕಟ್ಟಿದ್ದು. ಅವರಿಗೆ ಇರುವುದು ಹೆಚ್ಚೆಂದರೆ 60 ದಿನ, ಅಷ್ಟರಲ್ಲಿ ಇನ್ನೊಂದು ಕಂಪನಿ ಅರ್ಜಿ ಹಾಕಬೇಕು ಇಲ್ಲ ಹೊರಡಬೇಕು. ಹಾಗಾಗಿ ಆ ಎಂಟೂವರೆ ವಾರದಲ್ಲಿ ಮಗನಿಗೆ ಫೋನು ಮಾಡಿ ಊರಿನ ಹೋಮಕ್ಕೆ ಇಷ್ಟು ಕಳಿಸು ಎನ್ನಬೇಡಿ.

• ಮರದ ಮೇಲಿರುವ ಕೊನೆಯನ್ನು ಲೆಕ್ಕಕ್ಕೆ ಹಿಡಿದು ಸಾಲ ಮಾಡಿದ ಮನೆಗಳನ್ನು ನೋಡಿದ್ದೀಯಲ್ಲ. ಹಳದಿ ಎಲೆ ರೋಗ, ಎಲೆಚುಕ್ಕಿ ರೋಗ ಬಂದ ಮೇಲಂತೂ ಹೇಳುವುದೇ ಬೇಡ. ಬರಬೇಕಾದ ಈ ಹಣವೂ ಹಾಗೇ. ಹಾಳೆಯಲ್ಲಿ ಎರಡು ಕಾಲಮ್ಮು ಹಾಕು, ಎಡಕ್ಕೆ ಬರಬೇಕಾದ್ದು, ಬಲಕ್ಕೆ ಖಾತೆಗೆ ಬಂದದ್ದು. ಖರ್ಚು ಮಾಡುವುದು ಬಲಗಡೆಯ ಅಂಕಿಯಿಂದ ಮಾತ್ರ. ಕೆಲಸ ಹೋದ ಮೊದಲ ಐದಾರು ವಾರ ಬಲಗಡೆ ಬಾಕಿ ಸಂಬಳ ಬಿಟ್ಟು ಬೇರೇನೂ ಇರುವುದಿಲ್ಲ ಎಂದೇ ಇಟ್ಟುಕೋ. ಇಎಸ್‌ಐಗೆ 30 ದಿನ ಕಾಯಬೇಕು, ಗ್ರಾಚ್ಯುಯಿಟಿಗೆ ಕಂಪನಿಗೆ 30 ದಿನದ ಗಡುವಿದೆ, ಆ ಗಡುವನ್ನು ಅವರು ಕೊನೆಯ ದಿನದವರೆಗೆ ಎಳೆಯುತ್ತಾರೆ.

• ಹಂಚುವಾಗ ನಿನಗೆ ಕೆಲಸ ಸಿಗುತ್ತದೆ ಎನಿಸಿದಷ್ಟು ವಾರಕ್ಕೆ ಹಂಚಬೇಡ, ಅದರ ಎರಡರಷ್ಟಕ್ಕೆ ಹಂಚು. ಮೂರು ತಿಂಗಳು ಎಂದು ಮನಸ್ಸು ಹೇಳಿದರೆ 26 ವಾರ.

• ಬೆಂಗಳೂರಿನ ರೂಮು ಬಿಡುವುದಾದರೆ ಬೇಗ ಬಿಡು. ಕೆಲಸ ಹುಡುಕಲು ಬೇಕು ಎಂದು ಖಾಲಿ ರೂಮಿಗೆ ಬಾಡಿಗೆ ಕಟ್ಟುತ್ತಾ ಊರಲ್ಲಿ ಕೂತವರನ್ನು ಕಂಡಿದ್ದೇನೆ. ಇಂಟರ್‌ವ್ಯೂ ಬಂದರೆ ರಾತ್ರಿ ಬಸ್ಸಿದೆ. ಅಡ್ವಾನ್ಸ್ ವಾಪಸ್ ಬಂದದ್ದನ್ನೂ ವಾರಕ್ಕೆ ಹಂಚು.

• ಸಂಘದಲ್ಲಿ ಅಮ್ಮನ ಹೆಸರಿನಲ್ಲಿ ಸಾಲ ಇದ್ದರೆ ಆ ವಾರದ ಕಂತನ್ನು ಎಲ್ಲಕ್ಕಿಂತ ಮೊದಲು ಕಳೆ. ತಪ್ಪಿದರೆ ಉಳಿದ ಸದಸ್ಯೆಯರು ಕಟ್ಟಬೇಕಾಗುತ್ತದೆ, ಆಮೇಲೆ ಅಮ್ಮ ಆ ಹೆಂಗಸರ ಎದುರು ತಲೆತಗ್ಗಿಸಿ ಓಡಾಡಬೇಕು. ಮೊಬೈಲಿನ ಇಎಂಐ ಕಾಯಲಿ.

• ಆಸ್ಪತ್ರೆಯ ವಿಚಾರ ಚಿಕ್ಕದಾಗಿ ಹೇಳುತ್ತೇನೆ. ಇಎಸ್‌ಐನ ನಿರುದ್ಯೋಗ ಭತ್ಯೆ ನಡೆಯುವಷ್ಟು ದಿನ ನಿನಗೂ ಮನೆಯವರಿಗೂ ಅವರ ಚಿಕಿತ್ಸೆ ಮುಂದುವರಿಯುತ್ತದೆ. ಅದು ಮುಗಿದ ಮೇಲೆ ಸರ್ಕಾರದ ಉಚಿತ ಚಿಕಿತ್ಸೆಗೆ ರೇಷನ್ ಕಾರ್ಡು ಬೇಕಾಗುತ್ತದೆ, ಹಾಗಾಗಿ ಮೊದಲೇ ಅದರಲ್ಲಿ ನಿನ್ನ ಹೆಸರು ಇದೆಯೇ ನೋಡು. ಬೆಂಗಳೂರಿನಲ್ಲಿ ಗ್ಯಾಸಿಗೆಂದು ತೆಗೆಸಿ ಆಮೇಲೆ ಎಲ್ಲೂ ಸೇರಿಸದೆ ಬಿಟ್ಟವರು ಬಹಳ.

• ಯಾರಾದರೂ "ನಿನಗೆ ಬರಲ್ಲ" ಎಂದರೆ ಬಾಯಿಮಾತಿಗೆ ಬಿಡಬೇಡ, ಯಾವ ನಿಯಮದ ಪ್ರಕಾರ ಎಂದು ಬರೆಸಿಕೋ. ಕಂಪನಿ ಕೊಡದಿದ್ದರೆ ಮೊದಲು ನೋಂದಾಯಿತ ಅಂಚೆಯಲ್ಲಿ ಒಂದು ಪತ್ರ, ಆಮೇಲೆ ಕಾರ್ಮಿಕ ಇಲಾಖೆ. ವಕೀಲರ ಫೀಸಿಗೆ ಹೆದರಿ ಬಿಡಬೇಡ. ಕಾನೂನು ಸೇವೆಗಳ ಪ್ರಾಧಿಕಾರಗಳ 1987ರ ಕಾಯ್ದೆಯ 12ನೇ ಕಲಮಿನಲ್ಲಿ ಹೆಂಗಸರಿಗೆ, ಪರಿಶಿಷ್ಟರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಇದೆ. ನಮ್ಮ ಮೂರೂ ತಾಲ್ಲೂಕಿನ ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಎಲ್ಲಿ ಕೂರುತ್ತದೆ ಎಂದು ಕೇಳಿಕೊಂಡು ಹೋಗು. ಹೋಗುವಾಗ ಆ ಪ್ಲಾಸ್ಟಿಕ್ ಕವರು ಮತ್ತು ಅದರಲ್ಲಿರುವ ಎಲ್ಲದರ ಎರಡೆರಡು ಜೆರಾಕ್ಸು. ಮೂಲ ಪ್ರತಿಯನ್ನು ಯಾರಿಗೂ, ವಕೀಲರಿಗೂ, ಬಿಟ್ಟು ಬರಬೇಡ.